ರ‍್ಯಾಂಪಿನ ಮೇಲೆ ವಾಸವಾಗಿರುವ ಗಿಡದ ಕುಂಡದವರಿಗೆ

ಮಾನ್ಯರೇ,

ಇಂದು ಬೆಳಿಗ್ಗೆ ತಮಗೆ ಹೊಸ ಎಲೆಯೊಂದು ಬಂದಿರುವುದನ್ನು ನೋಡಿದೆ. ಇನ್ನೂ ಬಿಚ್ಚಿಕೊಳ್ಳದೆ, ಸುರುಳಿ ಸುತ್ತಿದ ಕಾಗದದಂತೆ ನೆಟ್ಟಗೆ ನಿಂತಿದ್ದ ಆ ಎಳೆಹಸಿರು ಕುಡಿಗೆ ಮೊದಲು ಶುಭಾಶಯ ತಿಳಿಸಿ, ಆಮೇಲೆ ದೂರಿಗೆ ಬರುತ್ತೇನೆ. ಮನೆಯಲ್ಲಿ ನಮಗೆ ಕಲಿಸಿರುವ ಕ್ರಮ ಅದು.

ನನ್ನ ಪರಿಚಯ ತಮಗಿರಲಿಕ್ಕಿಲ್ಲ. ತಾವು ಅಲಂಕರಿಸಿರುವ ಪ್ರಕಾಶನ ಕಚೇರಿಯಲ್ಲಿ ನಾನು ಕರಡು ತಿದ್ದುತ್ತೇನೆ. ಸಾಹಿತ್ಯದಲ್ಲಿ ಪದವಿ ಪಡೆದವಳು, ಗಾಲಿಕುರ್ಚಿಯಲ್ಲಿ ಓಡಾಡುವವಳು, ಜನರೆದುರು ಬಾಯಿ ಬಿಡಲು ಹೆದರುವವಳು. ಬೆಳಿಗ್ಗೆ ಎಲ್ಲರೂ ಮುಂಬಾಗಿಲ ಮೆಟ್ಟಿಲು ಹತ್ತುವ ಹೊತ್ತಿಗೆ ನಾನು ತಮ್ಮ ಎದುರಿನಿಂದ ಹಾದು, ತಮ್ಮನ್ನು ಕಣ್ತುಂಬ ನೋಡಿ, ಕಟ್ಟಡವನ್ನು ಬಳಸಿ, ಕಾಗದದ ಕಟ್ಟುಗಳು ಇಳಿಯುವ ಗೋದಾಮಿನ ಹಿಂಬಾಗಿಲಿನಿಂದ ಒಳಗೆ ಹೋಗುತ್ತೇನೆ. ಅಲ್ಲಿ ಪ್ಯಾಕಿಂಗ್ ಮಾಡುವ ಅಣ್ಣ "ಏಯ್, ಬಂಡಲ್ ಆಮೇಲೆ ಇಳಿಸ್ರೋ, ಮೊದ್ಲು ಅಕ್ಕ ಬರ್ಲಿ" ಎಂದು ದಾರಿ ಬಿಡಿಸುತ್ತಾರೆ. ಸರಕಿನ ಸಾಲಿನಲ್ಲಾದರೂ ನನಗೆ ಅಗ್ರಸ್ಥಾನವಿದೆ ಎಂಬುದನ್ನು ಹೆಮ್ಮೆಯಿಂದ ತಮ್ಮ ಗಮನಕ್ಕೆ ತರುತ್ತೇನೆ.

ಮುಂಬಾಗಿಲ ಮೆಟ್ಟಿಲ ಪಕ್ಕದಲ್ಲಿ ತಾವು ನಿಂತಿರುವ ರ‍್ಯಾಂಪನ್ನು ಮ್ಯಾನೇಜರು ಕಟ್ಟಿಸಿದ್ದು ನಾನು ಕೆಲಸಕ್ಕೆ ಸೇರಿದಾಗ, ನನಗಾಗಿಯೇ. ಅವರ ಮನಸ್ಸು ಬೆಣ್ಣೆ. ಅದರಲ್ಲಿ ಎರಡು ಮಾತಿಲ್ಲ. ಸಿಮೆಂಟು ಒಣಗಿದ ಮೇಲೆ ಒಮ್ಮೆ ನಿಂತು ನೋಡಿದವರೇ "ಬೋಳುಬೋಳಾಗಿ ಕಾಣುತ್ತಲ್ರೋ, ಏನಾದ್ರೂ ತಂದಿಡಿ" ಎಂದರು, ತಾವು ಬಂದಿರಿ. ಬಂದವರು ಓರೆಯಾಗಿ ಒಂದು ಮೂಲೆಯಲ್ಲಿ ನಿಲ್ಲುವ ಸ್ವಭಾವದವರಲ್ಲವಾದ್ದರಿಂದ ನಟ್ಟನಡುವೆ ನಿಂತಿರಿ. ನಾನು ಹೇಗೋ ಧೈರ್ಯ ಮಾಡಿ, ತಮ್ಮನ್ನು ಒಂದಿಷ್ಟು ಪಕ್ಕಕ್ಕೆ ಸರಿಸಬಹುದೇ ಎಂದು ಕೇಳಿದ್ದುಂಟು. "ಅಯ್ಯೋ ಬೇಡಮ್ಮ, ಜಾಗ ಬದಲಾದ್ರೆ ಬಾಡಿಹೋಗುತ್ತೆ, ತುಂಬಾ ಸೂಕ್ಷ್ಮ ಅದು. ನೀನಾದ್ರೆ ಗಟ್ಟಿಗಿತ್ತಿ!" ಎಂದು ಅವರು ನಕ್ಕರು. ಹೊಗಳಿಕೆ ಕೇಳಿಸಿಕೊಂಡ ಮೇಲೆ ಹಟ ಮಾಡುವುದು ಸಭ್ಯತೆಯಲ್ಲ. ನಾನು ಕುರ್ಚಿ ತಿರುಗಿಸಿದೆ.

ಅಂದಿನಿಂದ ತಮ್ಮ ಭಾಗ್ಯವನ್ನು ಕುರಿತು ಯೋಚಿಸುತ್ತಲೇ ಇದ್ದೇನೆ. ತಮಗೂ ನಡೆಯಲು ಬರುವುದಿಲ್ಲ. ಆದರೆ "ಪಾಪ, ಹುಟ್ಟಿನಿಂದಲೇ ಹೀಗಾ?" ಎಂದು ತಮ್ಮನ್ನು ಯಾರೂ ಕೇಳಿದ್ದಿಲ್ಲ, ತಮ್ಮನ್ನು ನೋಡಿ ಬದುಕುವ ಸ್ಫೂರ್ತಿ ಬಂತೆಂದು ಯಾರೂ ಕಣ್ಣೊರೆಸಿಕೊಂಡಿದ್ದಿಲ್ಲ. ಆದ್ದರಿಂದ ನನ್ನದೊಂದು ನಮ್ರ ಬಿನ್ನಹ: ಕೆಲವು ದಿನ ನಾವಿಬ್ಬರೂ ಹುದ್ದೆ ಬದಲಾಯಿಸಿಕೊಳ್ಳೋಣ. ನಾನು ಸೂಕ್ಷ್ಮಳಾಗಿ, ಹೊತ್ತುಹೊತ್ತಿಗೆ ನೀರು ಹಾಕಿಸಿಕೊಂಡು, ಎಲೆ ಒರೆಸಿಸಿಕೊಂಡು ಇರುತ್ತೇನೆ. ತಾವು ಶಾಲೆಗಳಿಗೆ ಹೋಗಿ 'ಕಷ್ಟಗಳನ್ನು ಮೆಟ್ಟಿ ನಿಂತ ಬಗೆ' ಎಂಬ ವಿಷಯವಾಗಿ ಉಪನ್ಯಾಸ ಕೊಡಬೇಕು, ಲಿಫ್ಟಿನಲ್ಲಿ ಗುರುತು ಪರಿಚಯವಿಲ್ಲದವರು ತಲೆ ಸವರಿದಾಗ ಮುಗುಳ್ನಗಬೇಕು.

ಇದನ್ನೆಲ್ಲ ಬಹಿರಂಗವಾಗಿ ಬರೆಯುವ ಉದ್ಧಟತನ ಎಲ್ಲಿಂದ ಬಂತೆಂದರೆ, ತಂಗಿ ನನಗೊಂದು ಬ್ಲಾಗ್ ತೆರೆದುಕೊಟ್ಟಿದ್ದಾಳೆ. "ಮನೇಲಿ ನನ್ ತಲೆ ತಿಂದಿದ್ದು ಸಾಕು, ಇನ್ನು ಊರಿನ ತಲೆ ತಿನ್ನು" ಎಂಬುದು ಅವಳ ಉದ್ಘಾಟನಾ ಭಾಷಣ. ಮೊದಲ ಬರಹಕ್ಕೆಂದು ನಾನು ಸೂರ್ಯೋದಯ, ಹದ್ದು, ಕುಗ್ಗದ ಮನೋಬಲ ಎಲ್ಲವನ್ನೂ ಹೊಂದಿಸಿ ಬರೆದೆ. ಕರಡು ತಿದ್ದುವ ಅಭ್ಯಾಸಬಲದಿಂದ ಮರುಓದಿನಲ್ಲಿ ಎಲ್ಲವನ್ನೂ ಹೊಡೆದುಹಾಕಿದೆ. ಉಳಿದವರು ತಾವೊಬ್ಬರೇ.

ಅಮ್ಮನ ಅಂಜಿಕೆ ಬೇರೆ. "ಬರೀಬೇಡ ಅನ್ನಲ್ಲ ಕಣೆ, ಆಫೀಸಿನ ಸುದ್ದಿ ಮಾತ್ರ ಬೇಡ. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೋಬೇಡ" ಎನ್ನುತ್ತಾಳೆ. ಅದು ಸುಳ್ಳಲ್ಲ. ಎಷ್ಟೋ ಕಚೇರಿಗಳ ಕೆಳಗಿನ ಮೆಟ್ಟಿಲ ತನಕ ಹೋಗಿ ಹಿಂದಿರುಗಿದ ಮೇಲೆ ಸಿಕ್ಕ ಕೆಲಸ ಇದು. ಸೋದರತ್ತೆಯಂತೂ "ಗಿಡ, ಮರ, ಹಕ್ಕಿ, ಇಂಥದ್ದು ಬರೀಬಾರ್ದೇನೆ? ಯಾರಿಗೂ ನೋವಾಗಲ್ಲ" ಎಂದು ದಾರಿ ತೋರಿಸಿದರು. ನಾನು ಹಿರಿಯರ ಮಾತು ಮೀರುವವಳಲ್ಲ. ನೋಡಿ, ಗಿಡದ ಬಗ್ಗೆಯೇ ಬರೆಯುತ್ತಿದ್ದೇನೆ.

ಈಗ ಮುಖ್ಯ ವಿಷಯ. ಮೊನ್ನೆ ನಮ್ಮ ಕಾದಂಬರಿಕಾರ್ತಿ ಬಂದಿದ್ದರು. ಅವರ ಪುಸ್ತಕದ ಒಂದೊಂದು ಸಾಲನ್ನೂ ತಿದ್ದಿದವಳು ನಾನು. ಮುಂಬಾಗಿಲಲ್ಲಿ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವುದೆಂದಾಯಿತು. ಆಗಷ್ಟೇ ಕೆಲಸಕ್ಕೆ ಬಂದ ನಾನು ಹೊರಗೆ, ಮೆಟ್ಟಿಲ ಕೆಳಗಿದ್ದೆ. "ಅಕ್ಕನ್ನ ಕುರ್ಚಿ ಸಮೇತ ಎತ್ತಿಬಿಡೋಣ, ನಾಲ್ಕು ಜನ ಹಿಡಿದ್ರೆ ಆಯ್ತು" ಎಂದು ಲೆಕ್ಕಪತ್ರದ ವಿಭಾಗದ ಹುಡುಗರು ತೋಳೇರಿಸಿದರು. ಬೀರು ಸಾಗಿಸಿದಂತೆ ಎಲ್ಲರೆದುರು ಗಾಳಿಯಲ್ಲಿ ತೇಲುವುದು ಬೇಡವೆನಿಸಿ, ಹಿಂದಿನಿಂದ ಬರುತ್ತೇನೆ ಎಂದು ಹೊರಟೆ. ಕಟ್ಟಡ ಬಳಸಿ, ಗೋದಾಮು ದಾಟಿ, ಒಳಗಿನಿಂದ ಮುಂಬಾಗಿಲು ಮುಟ್ಟುವಷ್ಟರಲ್ಲಿ ಫೋಟೋದವನು ಕ್ಯಾಮೆರಾ ಚೀಲಕ್ಕೆ ತುಂಬುತ್ತಿದ್ದ. "ಎಲ್ಲಿ ಹೋಗಿಬಿಟ್ಟೆಯಮ್ಮ ನೀನು?" ಎಂದು ಮ್ಯಾನೇಜರು ನಿಜವಾದ ಬೇಸರದಿಂದಲೇ ಕೇಳಿದರು.

ಆ ಫೋಟೋಗೆ ಕಟ್ಟು ಹಾಕಿಸಿ, ನನ್ನ ಮೇಜಿನ ಎದುರಿನ ಗೋಡೆಗೇ ನೇತುಹಾಕಿದ್ದಾರೆ. ಕೆಳಗೆ 'ನಮ್ಮ ಬಳಗ' ಎಂದಿದೆ. ಒಂದು ಕಡೆ ಮ್ಯಾನೇಜರು, ಒಂದು ಕಡೆ ಕಾದಂಬರಿಕಾರ್ತಿ, ನಡುವೆ ತಾವು. ಕಾದಂಬರಿಕಾರ್ತಿಯವರು ತಮ್ಮ ಎಲೆಯೊಂದನ್ನು ಪ್ರೀತಿಯಿಂದ ಹಿಡಿದುಕೊಂಡಿದ್ದಾರೆ. ಚಿತ್ರದಲ್ಲಿ ತಾವು ಬಹಳ ಚೆನ್ನಾಗಿ ಬಂದಿದ್ದೀರಿ.

ಆ ಚಿತ್ರದ ಎದುರು ಕೂತು ಈ ದಿನವೆಲ್ಲ ಕೆಲಸ ಮಾಡಿ ಮನೆಗೆ ಬಂದಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕಾದ ಪುಸ್ತಕದ ಕರಡು ನನ್ನ ಚೀಲದಲ್ಲಿದೆ. ಬೆಳಿಗ್ಗೆ ನಾನು ಗೋದಾಮಿನ ಕಡೆಗೆ ತಿರುಗುವುದಿಲ್ಲ. ತಮ್ಮ ಎದುರಿಗೇ ಬ್ರೇಕು ಹಾಕಿ, ಕರಡನ್ನು ತೊಡೆಯ ಮೇಲಿಟ್ಟುಕೊಂಡು ತಿದ್ದುತ್ತಾ ಕೂರುತ್ತೇನೆ. ಯಾರಾದರೂ ಕೇಳಿದರೆ, ಒಳಗೆ ಬರಲು ಕಾಯುತ್ತಿದ್ದೇನೆ ಎನ್ನುತ್ತೇನೆ. ಅಷ್ಟು ವಾಕ್ಯವನ್ನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದೇನೆ, ಗಂಟಲು ಕೈಕೊಡಲಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಈ ಪತ್ರ ಬ್ಲಾಗಿನಲ್ಲಿ ಪ್ರಕಟವಾದ ಮೇಲೆ ಅವಳೇ ಓದಿಕೊಳ್ಳಲಿ.

ತಮ್ಮ ವಿಶ್ವಾಸಿ,
ಚಿತ್ರದಲ್ಲಿಲ್ಲದ ಬಳಗದವಳು

ತಾ.ಕ.: ನನ್ನನ್ನು ಎತ್ತಲು ತೋಳೇರಿಸಿದ್ದ ಆ ನಾಲ್ವರು ಈಗಲೂ ಕಚೇರಿಯಲ್ಲಿದ್ದಾರೆ, ಆರೋಗ್ಯವಾಗಿದ್ದಾರೆ. ತಾವು ನನಗಿಂತ ಹಗುರ. ಮೇಲಾಗಿ, ಎಲ್ಲರೆದುರು ಎತ್ತಿದರೆ ತಮಗೆ ನಾಚಿಕೆಯೂ ಆಗುವುದಿಲ್ಲ.