ಗೇಟಿನ ಕುಬೇರಪ್ಪನ ಜಲಯಾತ್ರೆ

ಮದುವೆಯಾಗಿ ಇಪ್ಪತ್ತೆರಡು ವರ್ಷಗಳಾದರೂ ರೇಣುಕಮ್ಮನಿಗೆ ಗಂಡ ತೋರಿಸಿದ ಪ್ರೇಕ್ಷಣೀಯ ಸ್ಥಳ ಒಂದೇ: ಡ್ಯಾಮು. ಮದುವೆಯಾದ ಹೊಸದರಲ್ಲಿ ತಿರುಗಾಡಲು ಕರೆದೊಯ್ದದ್ದು ಡ್ಯಾಮಿಗೆ. ಮಗಳು ಸುರೇಖಾ ಹುಟ್ಟಿದಾಗ ಕೂಸಿಗೆ ಮೊದಲು ತೋರಿಸಿದ್ದು ಡ್ಯಾಮು. ಬೀಗರು ಬಂದರೆ ಡ್ಯಾಮು. ಅವರು ಹೊರಟು ನಿಂತರೆ ಇನ್ನೊಮ್ಮೆ ಡ್ಯಾಮು. ಮನೆ ಇರುವುದೇ ಮುನಿರಾಬಾದಿನ ನೀರಾವರಿ ಕಾಲೊನಿಯಲ್ಲಿ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವಾಗಲೂ ಕಣ್ಣಿಗೆ ಬೀಳುವುದು ಅದೇ ಡ್ಯಾಮು.

"ಮಂದಿ ಗಂಡಂದಿರು ಹೆಂಡ್ತೀನ ಗೋವಾಕ್ಕ ಕರ್ಕೊಂಡ ಹೋಗ್ತಾರ. ನೀವು ನನ್ನ ಹಿತ್ತಲಕ್ಕ ಕರ್ಕೊಂಡ ಹೋಗ್ತೀರಿ," ಎಂದಳು ರೇಣುಕಮ್ಮ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ. ಬಡಿತ ಹಿಟ್ಟಿನ ಮೇಲೆ ಬೀಳುತ್ತಿದ್ದರೂ ಉದ್ದೇಶ ಬೇರೆ ಎಂಬುದು ಸ್ಪಷ್ಟವಾಗಿತ್ತು.

"ಗೋವಾದಾಗ ಏನೈತಿ? ಬರೇ ಉಪ್ಪ ನೀರು. ಅದರಾಗ ಒಂದ ಎಕರೆ ಭತ್ತ ಬೆಳಿಯಾಕ ಬರತೈತೇನು?" ಎಂದ ಕುಬೇರಪ್ಪ.

ಅವನು ಹೀಗೆ ಮಾತಾಡಲು ಕಾರಣವಿತ್ತು. ಅವನು ಎಡದಂಡೆ ಕಾಲುವೆಯ ಗೇಟು ತಿರುಗಿಸುವ ನೌಕರ. ಅವನು ಚಕ್ರ ತಿರುಗಿಸಿದರೆ ಗಂಗಾವತಿಯ ಗದ್ದೆಗಳಿಗೆ ನೀರು; ತಿರುಗಿಸದಿದ್ದರೆ ಅವನಿಗೆ ಬೈಗುಳ. "ಸಾಹೇಬ್ರ, ನೀರ ಬಿಡ್ರೀ!" ಎಂದು ಕಾಲುವೆಯ ಕೊನೆಯ ರೈತರು ಫೋನಿನಲ್ಲಿ ಅಂಗಲಾಚುವುದನ್ನು ಕೇಳಿ ಕೇಳಿ, ತಾನು ವರುಣದೇವನ ತಾಲ್ಲೂಕು ಪ್ರತಿನಿಧಿ ಎಂಬ ಭಾವನೆ ಅವನಲ್ಲಿ ಬೇರೂರಿತ್ತು. ಚಹಾದ ಅಂಗಡಿಯಲ್ಲಿ ಅವನ ಮಾತು ಕೇಳಿದವರಿಗೆ, ತುಂಗಭದ್ರೆ ಹುಟ್ಟಿದ್ದೇ ಕುಬೇರಪ್ಪನ ಅನುಮತಿ ಪಡೆದು ಎನಿಸುತ್ತಿತ್ತು. "ನೀರಿನ ನಾಡಿ ನನಗ ಗೊತ್ತು. ನನಗ ನೀರ ಅಂದ್ರ ಆಡಿನ ಮರಿ ಇದ್ದಂಗ," ಎನ್ನುತ್ತಿದ್ದ.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಲೇಬೇಕು. (ದಯವಿಟ್ಟು ಕಾಲೊನಿಯಲ್ಲಿ ಯಾರ ಕಿವಿಗೂ ಹಾಕಬಾರದು.) ಈ ಜಲಾಧಿಪತಿಗೆ ನೀರೆಂದರೆ ಪ್ರಾಣಭಯ. ಈಜು ಬಾರದು. ಮೊಣಕಾಲಿಗಿಂತ ಮೇಲೆ ಬರುವ ನೀರಿನಲ್ಲಿ ಅವನು ಜನ್ಮದಲ್ಲಿ ನಿಂತವನಲ್ಲ. ನೀರು ಗೇಟಿನ ಆಚೆ, ತಾನು ಗೇಟಿನ ಈಚೆ; ನಡುವೆ ಸರಕಾರದ ಉಕ್ಕು. ಅವನ ಧೈರ್ಯವೆಲ್ಲ ಆ ಉಕ್ಕಿನಲ್ಲಿತ್ತು. ಈ ಸಂಗತಿ ಹೆಂಡತಿಗೂ ಗೊತ್ತಿರಲಿಲ್ಲ.

ಆ ದಿನಗಳಲ್ಲಿ ಅವನ ಅತ್ತೆ ಪಕ್ಕೀರವ್ವ ಹುಲಿಹೈದರದಿಂದ ಬಂದು ಮಗಳ ಮನೆಯಲ್ಲಿ ಉಳಿದಿದ್ದಳು. ಹಳೆಯ ಪದ್ಧತಿಯ ಹೆಣ್ಣುಮಗಳು. ಅಳಿಯನ ಎದುರಿಗೆ ತಲೆಯ ಮೇಲಿನ ಸೆರಗು ಸರಿಯಬಾರದು. ಅಳಿಯನೊಡನೆ ನೇರವಾಗಿ ಮಾತಾಡಬಾರದು. ಹಾಗೆಂದು ಮಾತಾಡದೆ ಇರುವ ಸ್ವಭಾವವೂ ಅಲ್ಲ. ಆದ್ದರಿಂದ ಗೋಡೆಗೆ ಮುಖಮಾಡಿ, "ಏ ಗ್ವಾಡಿ, ಅಳಿಯಂದ್ರಿಗೆ ಹೇಳು, ಊಟಕ್ಕ ಏಳ್ರಿ ಅಂತ," ಎನ್ನುತ್ತಿದ್ದಳು. ಕುಬೇರಪ್ಪನೂ ಮರ್ಯಾದಸ್ಥ. "ಏ ಗ್ವಾಡಿ, ಅತ್ತಿಯವ್ರಿಗೆ ಹೇಳು, ಬಂದೆ ಅಂತ," ಎಂದು ಅದೇ ಗೋಡೆಗೆ ಉತ್ತರಿಸುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಈ ವ್ಯವಹಾರ ಸುಸೂತ್ರವಾಗಿ ನಡೆದಿತ್ತು. ಗೋಡೆ ಒಮ್ಮೆಯೂ ಚಾಡಿ ಹೇಳಿರಲಿಲ್ಲ.

ರೊಟ್ಟಿಯ ಬಡಿತ ಜೋರಾದದ್ದನ್ನು ಕಂಡು ಸುರೇಖಾ ಫೋನು ಹಿಡಿದುಕೊಂಡು ಓಡಿಬಂದಳು. "ಅಪ್ಪಾ, ಇಲ್ನೋಡು! ಒಂದ ಪ್ಯಾಕೇಜಿನಾಗ ಎರಡೂ ಅದಾವ. ಮೊದ್ಲ ಪುಣೆ ದಾಟಿ ನೀರಿನ ಆಟದ ಪಾರ್ಕು, ಅಲ್ಲಿಂದ ಮುಂಬೈಗೆ ಹೋಗಿ ಹಡಗು! ಹಡಗಿನಾಗ ಹನ್ನೊಂದ ಅಂತಸ್ತು, ಲಿಫ್ಟ್ ಐತಿ, ಸಿನಿಮಾ ಐತಿ, ಮ್ಯಾಲ ಈಜೋ ಹೊಂಡ ಐತಿ!"

"ಹಡಗಿನ ಮ್ಯಾಲ ಹೊಂಡ? ಸಮುದ್ರದ ಮ್ಯಾಲ ಹಡಗು, ಹಡಗಿನ ಮ್ಯಾಲ ಮತ್ತ ನೀರು?" ರೇಣುಕಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಕಣ್ಣು ಅರಳಿದವು.

ಕುಬೇರಪ್ಪ ಫೋನನ್ನು ಮೆಲ್ಲಗೆ ಅತ್ತ ಸರಿಸಿದ. "ಬ್ಯಾಡ ಬ್ಯಾಡ. ನೀವೆಲ್ಲಾ ಹೆದರ್ತೀರಿ," ಎಂದ.

ಆಗ ಪಕ್ಕೀರವ್ವ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. "ಏ ಗ್ವಾಡಿ, ಅಳಿಯಂದ್ರಿಗೆ ಕೇಳು. ನೀರ ಬಿಡೋದು ಬ್ಯಾರೆ, ನೀರಾಗ ಇಳಿಯೋದು ಬ್ಯಾರೆ ಅಲ್ಲೇನು ಅಂತ."

ಬಾಣ ನೇರವಾಗಿ ನಾಟಿತು. ಮೂವರು ಹೆಣ್ಣುಮಕ್ಕಳೂ ತನ್ನ ಉತ್ತರಕ್ಕೇ ಕಾದಿದ್ದಾರೆ. ಇಲ್ಲ ಎಂದರೆ ಗುಟ್ಟು ಹೊರಬೀಳುತ್ತದೆ.

"ಮಾಡವಾ ಬುಕ್ಕು!" ಎಂದು ಕುಬೇರಪ್ಪ ಗುಡುಗಿದ. "ಏ ಗ್ವಾಡಿ, ಅತ್ತಿಯವ್ರಿಗೆ ಹೇಳು. ಎಲ್ಲಾರಕ್ಕಿಂತ ಎತ್ತರದ ಜಾರಬಂಡಿಯಿಂದ ನಾನ ಜಾರಿ ತೋರಸ್ತೀನಿ ಅಂತ!"

ಮುಂದಿನ ದಿನಗಳಲ್ಲಿ ಮನೆ ಮದುವೆಮನೆಯಾಯಿತು. ರೇಣುಕಮ್ಮ ಗೋಣಿಚೀಲದಷ್ಟು ಕಟಕ ರೊಟ್ಟಿ ಮಾಡಿದಳು. ಶೇಂಗಾ ಚಟ್ನಿ ಕುಟ್ಟಿದಳು. ಪಕ್ಕದ ಮನೆಯ ಲಾಲಬೀ ಬಂದು, "ಸಮುದ್ರದ ಗಾಳಿಗೆ ತಲಿ ತಿರಗತೈತಂತ," ಎಂದು ನಿಂಬೆಹಣ್ಣು ಕೊಟ್ಟಳು. ಚಹಾದ ಅಂಗಡಿಯಲ್ಲಿ ಜೊತೆಯ ನೌಕರ ಓಬಳೆಪ್ಪ, "ಹುಷಾರಪ್ಪ, ಸಮುದ್ರಕ್ಕ ಗೇಟ್ ಇರಂಗಿಲ್ಲ," ಎಂದ. ಅಂಗಡಿಯೆಲ್ಲ ನಕ್ಕಿತು. ಕುಬೇರಪ್ಪನೂ ನಕ್ಕ; ಆದರೆ ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಪಾರ್ಕಿನ ಬಾಗಿಲಲ್ಲೇ ಮೊದಲ ಧರ್ಮಸಂಕಟ. ನೀರಿಗೆ ಇಳಿಯುವವರು ಸೀರೆ ಉಡುವಂತಿಲ್ಲ; ಅವರೇ ಬಾಡಿಗೆಗೆ ಕೊಡುವ ನೈಲಾನಿನ ಉಡುಪು ಹಾಕಬೇಕು. ಕುಬೇರಪ್ಪನ ಪಾಲಿಗೆ ಬಂದದ್ದು ಹಳದಿ ಗಿಳಿಗಳ ಚಿತ್ರವಿದ್ದ ಚಡ್ಡಿ. ಪಕ್ಕೀರವ್ವನ ಪಾಲಿಗೆ ಬಂದದ್ದು ಕತ್ತಿನಿಂದ ಕಾಲಿನವರೆಗೆ ನೀಲಿ ಉಡುಪು, ಎದೆಯ ಮೇಲೆ ನಗುವ ಮೀನು. ಎಲ್ಲವೂ ಇತ್ತು, ಸೆರಗು ಮಾತ್ರ ಇರಲಿಲ್ಲ. ಅಳಿಯನ ಎದುರಿಗೆ ಬರಿದಲೆಯಲ್ಲಿ ಬರುವುದೆಂತು? ಆಕೆ ಒಂದು ಟವೆಲನ್ನು ತಲೆಯ ಮೇಲೆ ಹೊದ್ದು, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಗಂಭೀರವಾಗಿ ಹೊರಗೆ ಬಂದಳು.

"ಅಜ್ಜೀ! ಏನ ಛಂದ ಕಾಣ್ತಿ!" ಎಂದು ಸುರೇಖಾ ಕುಣಿದಳು. ರೇಣುಕಮ್ಮನಂತೂ ಕೃತಕ ಮಳೆಯಲ್ಲಿ ನೆನೆದು, ಕೃತಕ ತೆರೆಯಲ್ಲಿ ಬಿದ್ದು ಎದ್ದು, "ಡ್ಯಾಮ್ ಬಿಟ್ಟು ಲೋಕದಾಗ ಎಷ್ಟೊಂದ ನೀರೈತ್ರಿ!" ಎಂದು ಹುಡುಗಿಯಂತೆ ಕೂಗುತ್ತಿದ್ದಳು. ಕುಬೇರಪ್ಪ ದಂಡೆಯಲ್ಲಿ ನಿಂತು ನೀರಿನ ಹರಿವನ್ನು "ಪರಿಶೀಲಿಸುತ್ತಿದ್ದ".

ಕೊನೆಗೆ ಆ ಗಳಿಗೆ ಬಂದೇಬಂದಿತು. ಎಲ್ಲಕ್ಕಿಂತ ಎತ್ತರದ ಜಾರಬಂಡಿ: ಚಕ್ಕುಲಿಯಂತೆ ಸುತ್ತಿಕೊಂಡ ನೀಲಿ ಕೊಳವೆ. ಮೇಲಿನಿಂದ ನೀರು ನುಗ್ಗುತ್ತದೆ; ಕುಳಿತವರು ಕತ್ತಲೆಯಲ್ಲಿ ಸುತ್ತಿ ಸುತ್ತಿ ಕೆಳಗಿನ ಹೊಂಡಕ್ಕೆ ಬೀಳುತ್ತಾರೆ. ಸುರೇಖಾ "ಹೋ!" ಎಂದು ಹೋದಳು. ರೇಣುಕಮ್ಮ "ಹುಲಿಗೆಮ್ಮಾ!" ಎಂದು ಹೋದಳು. ಕುಬೇರಪ್ಪ ಅಕ್ಕಪಕ್ಕ ನೋಡಿದ. ಗೋಡೆ ಇರಲಿಲ್ಲ. ಕೊಳವೆಗೇ ಹೇಳಿದ: "ಏ ಪೈಪ, ಅತ್ತಿಯವ್ರಿಗೆ ಹೇಳು, ಹಿರಿಯಾರು ಮೊದ್ಲ ಅಂತ."

ಪಕ್ಕೀರವ್ವ ಟವೆಲು ಬಿಗಿಮಾಡಿಕೊಂಡು ಕುಳಿತಳು. ಮರ್ಯಾದೆ ಬಿಡದೆ, ಮೆಲ್ಲಗೆ ಒಳಗೆ ಸರಿದಳು.

ಇನ್ನು ಕುಬೇರಪ್ಪನ ಸರದಿ. ಚಡ್ಡಿಯ ಮೇಲಿನ ಗಿಳಿಗಳು ನಡುಗಿದವು. ಅಷ್ಟರಲ್ಲಿ ಅವನ ಕಣ್ಣು ಮೂಲೆಯಲ್ಲಿದ್ದ ಒಂದು ವಸ್ತುವಿನ ಮೇಲೆ ಬಿದ್ದಿತು. ಚಕ್ರ! ಕೊಳವೆಗೆ ನೀರು ಬಿಡುವ ಚಕ್ರ! ಪರದೇಶದಲ್ಲಿ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ನೀರು ನಿಂತರೆ ಜಾರಬಂಡಿ ನಿಲ್ಲುತ್ತದೆ. ಜಾರಬಂಡಿ ನಿಂತರೆ ಮಾನ ಉಳಿಯುತ್ತದೆ. ಅಲ್ಲಿನ ಕಾವಲಿನವನು ಅತ್ತ ತಿರುಗಿ ವೈರ್‌ಲೆಸ್ಸಿನಲ್ಲಿ ಹರಟುತ್ತಿದ್ದ. ಕುಬೇರಪ್ಪ ಚಕ್ರವನ್ನು ಮುಟ್ಟಿದನಷ್ಟೇ; ತಿರುಗಿಸಿದ್ದು ಅವನ ಕೈಗಳ ಅಭ್ಯಾಸ. ನೀರು ಸಣ್ಣಗಾಯಿತು, ನೂಲಾಯಿತು, ನಿಂತಿತು.

"ಅಯ್ಯೋ, ನೀರ ಬಂದ್ ಆತಲ್ಲ! ಎಂಥಾ ಕೆಲಸ ಆತು! ಜಾರಬೇಕಂತ ಭಾಳ ಆಸಿ ಇತ್ತು," ಎಂದು ಅವನು ಕೆಳಗೆ ಮೆಟ್ಟಿಲಲ್ಲಿ ಸಾಲುನಿಂತವರಿಗೆ ಕೇಳುವಂತೆ ನಿಟ್ಟುಸಿರಿಟ್ಟ.

ಆಗ ಕೊಳವೆಯ ಹೊಟ್ಟೆಯೊಳಗಿನಿಂದ ಒಂದು ಧ್ವನಿ ಗುಂಯ್‌ಗುಡುತ್ತ ಮೇಲೇರಿ ಬಂತು.

"ಏ ಪೈಪ! ನಮ್ಮ ಅಳಿಯಂದ್ರಿಗೆ ಹೇಳು! ನಾ ನಡುವ ಸಿಕ್ಕೊಂಡೀನಿ! ನೀರ ಬಿಡ್ರೀ ಅಂತ ಹೇಳು!"

ಕಾಲುವೆಯ ಕೊನೆಯ ರೈತರ ಅದೇ ಕೂಗು, ಈಗ ಅತ್ತೆಯ ಕಂಠದಲ್ಲಿ! ಕುಬೇರಪ್ಪ ಕೊಳವೆಯ ಬಾಯಿಗೆ ಬಗ್ಗಿ, "ಏ ಪೈಪ, ಗಾಬರಿ ಆಗಬ್ಯಾಡ್ರಿ ಅಂತ ಹೇಳು! ಬಿಟ್ಟೆ!" ಎಂದು ಕೂಗಿ, ಒಂದು ಕಾಲು ಕೊಳವೆಯ ಬಾಯಿಯಲ್ಲಿ, ಒಂದು ಕೈ ಚಕ್ರದ ಮೇಲೆ ಇಟ್ಟ. ನೀರು ಬಿಡುವ ಮೊದಲು ಸೈರನ್ ಊದಬೇಕೆಂಬುದು ಇಲಾಖೆಯ ನಿಯಮ. ಸೈರನ್ ಇರಲಿಲ್ಲ; ತಾನೇ ಊದಿದ: "ಹೂಂ... ಹುಷಾರ್! ನದಿ ಪಾತ್ರದಾಗ ಇದ್ದಾವ್ರು ದಂಡೀಗೆ ಬರ್ರೀ!" ಕಾವಲಿನವನು ಬೆಚ್ಚಿ ತಿರುಗಿ ಹಿಡಿಯಲು ಓಡಿಬರುವಷ್ಟರಲ್ಲಿ ಚಕ್ರ ಪೂರ್ತಿ ತಿರುಗಿತ್ತು.

ತಡೆದು ನಿಂತಿದ್ದ ನೀರು ಒಮ್ಮೆಲೇ ನುಗ್ಗಿತು. ಮೊದಲು ಕೊಚ್ಚಿಕೊಂಡು ಹೋದದ್ದು ಬಾಯಿಯಲ್ಲಿಟ್ಟ ಕಾಲು. ಕಾಲಿನ ಹಿಂದೆ ಉಳಿದ ಕುಬೇರಪ್ಪನೂ ಹೋದ. ಕತ್ತಲೆ. ಒಂದು ಸುತ್ತು. ಇನ್ನೊಂದು ಸುತ್ತು. ಮೂರನೆಯ ತಿರುವಿನಲ್ಲಿ ಏನೋ ಮೆತ್ತನೆಯದು ಸಿಕ್ಕಿತು. ಮುಳುಗುವವನು ಹುಲ್ಲುಕಡ್ಡಿಯನ್ನೂ ಬಿಡುವುದಿಲ್ಲ. ಕುಬೇರಪ್ಪ ಸಿಕ್ಕದ್ದನ್ನು ಕೊರಳು ಸುತ್ತಿ ಬಿಗಿಯಾಗಿ ಅಪ್ಪಿಕೊಂಡ. ಕೊಳವೆಯ ಕೊನೆಯಲ್ಲಿ ಫಕ್ಕನೆ ಬೆಳಕು ಮಿಂಚಿತು. ಇಬ್ಬರೂ ಧುಡುಮ್ಮನೆ ಹೊಂಡಕ್ಕೆ ಬಿದ್ದರು.

"ಸತ್ತೆ! ಮುಳಗಿದೆ! ನನಗ ಈಜ ಬರಂಗಿಲ್ರೋ! ಹಿಡೀರೋ!" ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ಕುಬೇರಪ್ಪ ನಾಲ್ಕು ರಾಜ್ಯಗಳ ಪ್ರವಾಸಿಗರ ಮುಂದೆ ತಾನೇ ಸಾರಿದ. ಕೈಕಾಲು ಬಡಿದ. ನೀರು ಕುಡಿದ.

ಪಕ್ಕೀರವ್ವನ ಟವೆಲು ಎಲ್ಲೋ ತೇಲಿಹೋಗಿತ್ತು. ಬೆಳ್ಳಿಕೂದಲು ಹರಡಿದ ಬರಿದಲೆ. ಎದೆಯ ಮೇಲೆ ನಗುವ ಮೀನು. ಕೊರಳಿಗೆ ಅಳಿಯ. ಸುತ್ತ ನೋಡಿದಳು: ಗೋಡೆಯಿಲ್ಲ, ಕೊಳವೆಯಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅಳಿಯನ ಮುಖ ನೋಡಿ ಮಾತಾಡಿದಳು.

"ಅಳಿಯಂದ್ರ! ಕಾಲ ಊರ್ರಿ! ನೀರು ನಡಾ ಮಟ ಐತಿ!"

ಕುಬೇರಪ್ಪ ಕಾಲು ಊರಿದ. ನಿಂತ. ನೀರು ಗಿಳಿಗಳವರೆಗೆ ಮಾತ್ರ ಬಂದಿತ್ತು.

ಹುಲಿಹೈದರದ ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಿದ್ದ ಆ ಹೆಂಗಸು, ಅಳಿಯನ ರಟ್ಟೆ ಹಿಡಿದು ಕರುವನ್ನು ಎಳೆದಂತೆ ದಂಡೆಗೆ ಎಳೆದುತಂದಳು. ರೇಣುಕಮ್ಮನಿಗೆ ನಗುವೋ ಅಳುವೋ ತಿಳಿಯಲಿಲ್ಲ. "ಆಡಿನ ಮರಿ ಅಂದ್ರಲ್ರಿ?" ಎಂದು ಮಾತ್ರ ಕೇಳಿದಳು. ಕಾವಲಿನವನು ಬಂದು ಬೈದ. ಕುಬೇರಪ್ಪ ಎಲ್ಲವನ್ನೂ ತಲೆತಗ್ಗಿಸಿ ಸ್ವೀಕರಿಸಿ, ಬಸ್ಸಿಗೆ ಎಲ್ಲರಿಗಿಂತ ಮೊದಲು ಹತ್ತಿ ಕುಳಿತ. ಪಕ್ಕೀರವ್ವ ಟವೆಲು ಹುಡುಕಿಕೊಂಡು ತಡವಾಗಿ ಬಂದಳು. ಅದರಲ್ಲಿ ಏನನ್ನೋ ಚಪ್ಪಟೆಯಾಗಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಹಡಗು ಸುರೇಖಾ ಹೇಳಿದ್ದಕ್ಕಿಂತ ದೊಡ್ಡದಿತ್ತು. ದೀಪ, ಹಾಡು, ಮುಗಿಯದ ಊಟ! ರೇಣುಕಮ್ಮ ಲಿಫ್ಟಿನಲ್ಲಿ ಸುಮ್ಮನೆ ಮೇಲೆ ಕೆಳಗೆ ಓಡಾಡಿ ಖುಷಿಪಟ್ಟಳು. ಹೊರಡುವ ಮೊದಲು ಎಲ್ಲರಿಗೂ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿ, ಅಪಾಯ ಬಂದರೆ ಏನು ಮಾಡಬೇಕೆಂದು ತೋರಿಸಿದರು. ಉಳಿದವರು ಅದನ್ನು ಬಿಚ್ಚಿಕೊಟ್ಟರು. ಕುಬೇರಪ್ಪ ಕೊಡಲಿಲ್ಲ, ಅದರಲ್ಲೇ ಉಂಡ, ಅದರಲ್ಲೇ ಮಲಗಿದ.

ಬೆಳಗಾದಾಗ ಪಕ್ಕೀರವ್ವ ಕಂಬಿ ಹಿಡಿದು ನಿಂತು ದಿಕ್ಕುದಿಕ್ಕಿಗೂ ಹಬ್ಬಿದ ಸಮುದ್ರವನ್ನು ನೋಡುತ್ತಿದ್ದಳು. ಸೆರಗು ಮತ್ತೆ ತಲೆಯ ಮೇಲೆ ಬಂದಿತ್ತು. "ಇಷ್ಟ ನೀರು ಕಟ್ಟೀ ಇಲ್ದ ನಿಂತೈತಲ್ಲ, ಶಿವನ!" ಎಂದುಕೊಂಡಳು. ಜಾಕೀಟಿನ ಕುಬೇರಪ್ಪ ಮೆಲ್ಲಗೆ ಪಕ್ಕಕ್ಕೆ ಬಂದ. ಇಲ್ಲಿ ಗೋಡೆ ಹುಡುಕುವ ಚೈತನ್ಯ ಅವನಿಗಿರಲಿಲ್ಲ.

"ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ. ನಾ ಹೊಂಡದಾಗ ಒದರಿದ್ದು, ನಿಮ್ಮ ಕೊರಳಿಗೆ ಬಿದ್ದಿದ್ದು, ಊರಾಗ ಹೇಳಬ್ಯಾಡ್ರಿ. ಬಾಯಿ ಬಿಡಬ್ಯಾಡ್ರಿ ಅಂತ ರೇಣುಕಾಗೂ ಸುರೇಖಾಗೂ ನೀವ ಹೇಳ್ರಿ. ಕಾಲೊನ್ಯಾಗ ನನ್ನ ಮಾನ ಹೋಗತೈತಿ."

ಪಕ್ಕೀರವ್ವನ ಮನಸ್ಸು ಕರಗಿತು. ಸಮುದ್ರದ ಕಡೆ ಕೈಮಾಡಿದಳು. "ಈ ಗಂಗವ್ವನ ಆಣಿ. ನಾವ ಮೂವರೂ ಬಾಯಿ ಬಿಡಂಗಿಲ್ಲ. ಆತೇನ್ರಿ? ಇನ್ನರ ಆ ಜಾಕೀಟ ಬಿಚ್ರಿ, ಮಂದಿ ನಿಮ್ಮನ್ನ ಹಡಗಿನ ನೌಕರ ಅಂತ ತಿಳಕೊಂಡು ಚಾ ಕೇಳಾಕತ್ತಾರ."

ಕುಬೇರಪ್ಪನಿಗೆ ಹೋದ ಜೀವ ಬಂತು. ಅಂದಿನಿಂದ ಅವನೂ ಹಡಗಿನಲ್ಲಿ ನಕ್ಕ, ಹೋಳಿಗೆ ಇಲ್ಲದ ಕಡೆ ಕೇಕು ತಿಂದ, ಹೆಂಡತಿಯ ಕೈಹಿಡಿದು ಸೂರ್ಯಾಸ್ತವನ್ನೂ ನೋಡಿದ.

ಊರಿಗೆ ಬಂದ ಮರುದಿನ ಅವನು ಎಂದಿನಂತೆ ಗೇಟಿಗೆ ಹೋದ; ಸಂಜೆಯವರೆಗೆ ಓಬಳೆಪ್ಪನಿಗೆ ತನ್ನ ಸಾಹಸ ಬಣ್ಣಿಸಿದ. "ಎತ್ತರದ ಜಾರಬಂಡಿ! ಕಣ್ಣ ಮುಚ್ಚದ ಜಾರಿದೆ. ಹೊಂಡದಾಗ ಮೀನಿನಂಗ ಈಜಿದೆ. ಬಾ ಮನಿಗೆ, ಬೇಕಾದ್ರ ನಮ್ಮಾಕೀನ್ನ ಕೇಳು." (ಆಣೆಯ ಬಲ ಅವನ ಬೆನ್ನಿಗಿತ್ತು.)

ಇಬ್ಬರೂ ಬಂದಾಗ ಮನೆಯ ಪಡಸಾಲೆಯಲ್ಲಿ ಲಾಲಬೀ, ಅವಳ ಹಿಂದೆ ಅರ್ಧ ಕಾಲೊನಿ. ಎಲ್ಲರೂ ಒಂದೇ ಕಡೆ ಮುಖಮಾಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಕುಬೇರಪ್ಪ ಇಣುಕಿದ. ಗೋಡೆಯ ಮೇಲೆ, ಅವನ ಸೇವಾ ಪ್ರಶಸ್ತಿಪತ್ರದ ಪಕ್ಕದಲ್ಲಿ, ಬಂಗಾರದ ಬಣ್ಣದ ಚೌಕಟ್ಟಿನಲ್ಲಿ, ಕೊಳವೆಯ ಕೊನೆಯಲ್ಲಿ ಪಾರ್ಕಿನವರು ತಾವಾಗಿಯೇ ತೆಗೆದು ಮಾರುವ ದೊಡ್ಡ ಫೋಟೋ: ಬಾಯಿ ಬಾವಿಯಷ್ಟು ತೆರೆದು, ಕಣ್ಣು ಮುಚ್ಚಿ, ಗಿಳಿ ಚಡ್ಡಿಯಲ್ಲಿ ಕುಬೇರಪ್ಪ; ಅವನ ಎರಡೂ ಕೈಗಳು ನಗುವ ಮೀನಿನ ಅತ್ತೆಯ ಕೊರಳಲ್ಲಿ.

"ಬಾ ಓಬಳೆಪ್ಪ, ಹೊರಗ ಹೋಗೂಣು, ಡ್ಯಾಮ್ ತೋರಸ್ತೀನಿ," ಎಂದ ಕುಬೇರಪ್ಪ, ಅವನ ತೋಳು ಹಿಡಿದೆಳೆಯುತ್ತ.

"ಡ್ಯಾಮ್ ಎಲ್ಲಿ ಹೋಗತೈತೋ ಮಾರಾಯ? ತಡಿ, ಇದನ್ನ ನೋಡಾಕ ಬಿಡು," ಎಂದು ಓಬಳೆಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

ಕುಬೇರಪ್ಪ ನೊಂದ ಕಣ್ಣುಗಳಿಂದ ಅತ್ತೆಯ ಕಡೆ ನೋಡಿದ. ಪಕ್ಕೀರವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನಿಧಾನವಾಗಿ ಗೋಡೆಯ ಕಡೆ ತಿರುಗಿದಳು.

"ಏ ಗ್ವಾಡಿ, ಅಳಿಯಂದ್ರಿಗೆ ಹೇಳು. ನಾವ್ಯಾರೂ ಬಾಯಿ ಬಿಟ್ಟಿಲ್ಲ, ಬಾಯಿ ಬಿಟ್ಟಾಕಿ ನೀನ ಅಂತ."