ಬಾಲವಿದ್ದ ಗಾಜಿನ ಹನಿ

ಲಡ್ಡನ್: ಗಾಜಿನ ಕೆಲಸದವನಿಗೆ ನಮ್ಮ ಹುಡುಗೀನ ಕೊಡೋಕೆ ನಾನು ಬಿಡಲ್ಲ, ಭಾವ. ಇಲ್ಲ ಅಂದ್ರೆ ಇಲ್ಲ!

ಯಾಮೀನ್: ನಿಮ್ಮಕ್ಕನ್ನ ಗಾಜಿನವನಿಗೇ ಕೊಟ್ರಲ್ಲಯ್ಯಾ. ಇಪ್ಪತ್ತಾರು ವರ್ಷದಲ್ಲಿ ಎಲ್ಲಾದ್ರೂ ಬಿರುಕು ಬಿಟ್ಟಿದ್ದೀನಾ?

ಲಡ್ಡನ್: ನೀವಲ್ಲ, ಅಕ್ಕ ಬಿಟ್ಟಿದ್ದಾಳೆ. ಬಂದಾಗೆಲ್ಲ ನನ್ನ ಹತ್ರಾನೇ ಅಳೋದು.

ಫಿರೋಜಾಬಾದಿನ ಬಳೆಗಾರರ ಓಣಿಯಲ್ಲಿ, ಯಾಮೀನನ ಅಂಗಳದ ಹಗ್ಗದ ಮಂಚದ ಮೇಲೆ ಈ ಜಗಳ ನಡೆದಿತ್ತು. ಲಡ್ಡನ್ ಅಲಿಗಢದಲ್ಲಿ ಬೀಗ ಮಾಡುವವನು. ಅಲ್ಲಿನ ಮುಬೀನ್ ಎಂಬ ಬೀಗದ ಹುಡುಗನಿಗೆ ಸೋದರಸೊಸೆ ಶಗುಫ್ತಾಳನ್ನು ಕೇಳಲು ಬೆಳಗಿನ ಬಸ್ಸಿಗೇ ಬಂದಿದ್ದ. ಯಾಮೀನನ ಮನಸ್ಸಿನಲ್ಲಿದ್ದವನು ತನ್ನ ಗಾಜಿನ ಕುಲುಮೆಯಲ್ಲಿ ಕೆಲಸ ಮಾಡುವ ನಫೀಸ್. ಶಗುಫ್ತಾ ಮೂಲೆಯಲ್ಲಿ ದೀಪದ ಉರಿಗೆ ಬಳೆಯ ತುದಿ ಹಿಡಿದು ಬೆಸೆಯುತ್ತ, ಏನೂ ಕೇಳಿಸದವಳಂತೆ ಕುಳಿತಿದ್ದಳು.

ಲಡ್ಡನ್: ಕಬ್ಬಿಣ ಅಂದ್ರೆ ಕಬ್ಬಿಣ. ಗಾಜು, ಉಫ್ ಅಂದ್ರೆ ಚೂರು!

ಯಾಮೀನ್: ಹೌದಾ? ಇದನ್ನ ಒಡಿ ನೋಡೋಣ.

ಜುಬ್ಬದ ಜೇಬಿನಿಂದ ಹತ್ತಿಯಲ್ಲಿ ಸುತ್ತಿಟ್ಟದ್ದನ್ನು ತೆಗೆದ: ಹನಿಯಂಥ ದಪ್ಪ ತಲೆ, ಎಳೆಯಂಥ ಸಣ್ಣ ಬಾಲ.

ಲಡ್ಡನ್: ಏನಿದು, ಗೊದಮೊಟ್ಟೆ?

ಯಾಮೀನ್: ಗಾಜಯ್ಯಾ! ಕಾದು ಕರಗಿದ ಗಾಜನ್ನ ತಣ್ಣೀರಿಗೆ ತೊಟ್ಟಿಕ್ಕಿಸಿದ್ದು.

ಲಡ್ಡನ್: ಪಾಪ, ಶೀತ ಆಗಿರ್ಬೇಕು.

ಯಾಮೀನ್: ಸುತ್ತಿಗೆ ತಗೋ. ಒಡೆದ್ರೆ ನಿನ್ನ ಮುಬೀನ್. ಒಡೀದಿದ್ರೆ ನನ್ನ ನಫೀಸ್. ಆದ್ರೆ ತಲೆಗೆ ಮಾತ್ರ ಹೊಡೀಬೇಕು, ಬಾಲ ಮುಟ್ಟಬಾರ್ದು.

ಲಡ್ಡನ್: ಬಾಲಕ್ಕೆ ಹೊಡೆಯೋಕೆ ನಾನೇನು ನೊಣ ಹೊಡೆಯೋನಾ?

ಚೀಲದಿಂದ ಸುತ್ತಿಗೆ ಬಂತು. ಹನಿ ಕಬ್ಬಿಣದ ದಿಮ್ಮಿಯ ಮೇಲೆ ಕುಳಿತಿತು. ಠಣ್!

ಯಾಮೀನ್: ಎಲ್ಲಿ ಚೂರು?

ಲಡ್ಡನ್: ಇದು... ಕೈ ಜಾರ್ತು.

ಠಣ್! ಠಣ್! ಲಡ್ಡನ್‌ನ ಮೊಣಕೈ ಜುಮ್ಮೆಂದಿತು, ಪೇಟ ಕಿವಿಗೆ ಇಳಿಯಿತು. ದಿಮ್ಮಿಯಲ್ಲೊಂದು ಸಣ್ಣ ತಗ್ಗು. ಹನಿ ಮಾತ್ರ ಹಾಗೇ ಮಿನುಗುತ್ತಿತ್ತು. ಯಾಮೀನ್ ಒಂಟಿ ಚಪ್ಪಲಿಯಲ್ಲೇ ಕುಣಿಯತೊಡಗಿದ.

ಯಾಮೀನ್: ನಫೀಸ್ ಗೆದ್ದ! ನಫೀಸ್ ಗೆದ್ದ! ಸಿಹಿ ತರ್ಸಯ್ಯಾ!

ಲಡ್ಡನ್: ಇದು ಗಾಜೇ ಅಲ್ಲ! ಏನೋ ಮಾಟ!

ಶಗುಫ್ತಾ ದೀಪ ಆರಿಸಿ ಎದ್ದು ಬಂದಳು.

ಶಗುಫ್ತಾ: ನನ್ನ ಮದುವೆ ನಿಂತಿರೋದು ಇದರ ಮೇಲಾ?

ಯಾಮೀನ್: ಗೆದ್ದಾಯ್ತು ಮಗಳೇ!

ಶಗುಫ್ತಾ: ಮಾಮ, ಇದರ ಹೊರಗಡೆ ನೀರಲ್ಲಿ ತಟ್ಟಂತ ಗಟ್ಟಿಯಾಗಿ ಬಿಗಿದುಬಿಟ್ಟಿದೆ. ಒಳಗಡೆ ನಿಧಾನಕ್ಕೆ ಆರಿ, ಇವತ್ತಿಗೂ ಒಳಗೊಳಗೇ ಎಳೀತಾ ಇದೆ. ಅದಕ್ಕೇ ಸುತ್ತಿಗೆಗೆ ಬಗ್ಗಲ್ಲ.

ಲಡ್ಡನ್: ಹಾಗಾದ್ರೆ ಯಾರಿಗೆ ಬಗ್ಗುತ್ತೆ?

ಹನಿಯನ್ನು ಗೋಣಿತಾಟಿನೊಳಗೆ ಸುತ್ತಿ, ಹೊರಗೆ ಉಳಿದ ಬಾಲದ ತುದಿಯನ್ನು ಅವಳು ಎರಡು ಬೆರಳಲ್ಲಿ ಚಿವುಟಿದಳು. ಫಟ್! ಗೋಣಿಯಿಂದ ಹಿಟ್ಟಿನಂಥ ಪುಡಿ ಹಾರಿತು. ಲಡ್ಡನ್ ಮಂಚದ ಮೇಲೆ ಹಾರಿ ನಿಂತ. ಯಾಮೀನ್ ಮಂಚದ ಕೆಳಗೆ ಹೊಕ್ಕ.

ಯಾಮೀನ್: (ಕೆಳಗಿನಿಂದ) ಮಗಳೇ, ಬಾಲ ಮುಟ್ಟಬಾರ್ದು ಅಂತ ಹೇಳಿದ್ದೆನಲ್ಲ!

ಶಗುಫ್ತಾ: ಮಾಮನಿಗೆ ಹೇಳಿದ್ರಿ. ನನ್ನನ್ನ ಯಾರೂ ಏನೂ ಕೇಳ್ಲಿಲ್ಲ.

ಲಡ್ಡನ್: ಒಡೀತು ಭಾವ! ಒಡೆದಿದೆ, ಅಂದ್ರೆ ಮುಬೀನ್...

ಯಾಮೀನ್: ನೀನಾ ಒಡೆದಿದ್ದು?

ಲಡ್ಡನ್: ಅದೂ ಸರಿ. ಆದ್ರೆ ಭಾವ, ನಿಜ ಹೇಳ್ತೀನಿ, ನಮ್ಮ ಮುಬೀನ್ ತುಂಬ ಸಾಧು. ಇವಳ ಕೈಗೆ...

ಯಾಮೀನ್: ನಫೀಸ್ ಅವನಿಗಿಂತ ಸಾಧು. ನಾನೂ ಯೋಚ್ನೆ ಮಾಡ್ಬೇಕು.

ಶಗುಫ್ತಾ: ಯೋಚ್ನೆ ನನಗೆ ಬಿಡಿ. ಶುಕ್ರವಾರ ಇಬ್ಬರನ್ನೂ ಚಹಾಕ್ಕೆ ಕರೀರಿ. ಮಾತಾಡಿ ನೋಡಿ ನಾನೇ ಹೇಳ್ತೀನಿ.

ಅವಳು ಪುಡಿ ಗುಡಿಸಿಕೊಂಡು ಒಳಗೆ ಹೋದಳು. ಲಡ್ಡನ್ ಮಂಚದಿಂದ ಇಳಿಯಲಿಲ್ಲ, ಬಗ್ಗಿ ಕೆಳಗೆ ನೋಡಿದ.

ಲಡ್ಡನ್: ಭಾವ, ಕರ್ಕೊಂಡು ಬರ್ತೀನಿ. ಆದ್ರೆ ಅವತ್ತು ಚಹಾ ಮಾತ್ರ ಸ್ಟೀಲ್ ಲೋಟದಲ್ಲಿ ಕೊಡ್ಸಿ.