ಅತ್ತೆ ಮನೆಯ ಗಾದಿ ಮತ್ತು ನನ್ನ ಬೆನ್ನು

ನನ್ನ ಬೆನ್ನನ್ನೂ ನನ್ನ ನೆನಪನ್ನೂ ನಂಬುವುದು ಬಿಟ್ಟು ಬಹಳ ದಿನಗಳಾದವು. ಎರಡೂ ಕರೆದಾಗ ಬರುವುದಿಲ್ಲ, ಕರೆಯದಾಗ ಬಂದು ಕೂರುತ್ತವೆ. ಕುಷ್ಟಗಿಯ ಕಚೇರಿಯಲ್ಲಿ ಇಡೀ ದಿನ ಮುರುಕು ಕುರ್ಚಿಯ ಮೇಲೆ ಕುಳಿತರೂ ಈ ಬೆನ್ನು ತುಟಿ ಪಿಟಕ್ಕೆನ್ನುವುದಿಲ್ಲ. ರಜೆ ಹಾಕಿ, ಬ್ಯಾಗು ತುಂಬಿ, ಬಸ್ ನಿಲ್ದಾಣಕ್ಕೆ ಬಂದು ನಿಂತೆನೋ, ಸೊಂಟದ ಎಡಗಡೆ ಯಾರೋ ಮೊಳೆ ಇಟ್ಟು ಹದವಾಗಿ ಒತ್ತಿದಂತೆ ಶುರುವಾಗುತ್ತದೆ. ನನ್ನ ಬೆನ್ನಿಗೆ ಸರಕಾರಿ ನೌಕರಿ ಒಗ್ಗುತ್ತದೆ, ಪ್ರವಾಸ ಆಗಿಬರುವುದಿಲ್ಲ ಎಂಬುದು ನನ್ನ ತೀರ್ಮಾನ. ಡಾಕ್ಟರು ಒಪ್ಪಲಿಲ್ಲ. ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದು, "ಏನೂ ಇಲ್ರಿ, ವಯಸ್ಸು" ಅಂದರು. ವಯಸ್ಸೆಂದರೆ ಏನೂ ಅಲ್ಲ ಎಂಬುದು ನನಗೆ ತಿಳಿದದ್ದೇ ಅವತ್ತು. ಗಟ್ಟಿ ನೆಲದ ಮೇಲೆ ಮಲಗಿ, ಬಗ್ಗಬೇಡಿ, ಪ್ರಯಾಣದಲ್ಲಿ ಆಗಾಗ ಎದ್ದು ನಿಲ್ಲಿ ಎಂದು ಹೇಳಿ ಕಳಿಸಿದರು. ಅವರು ನಮ್ಮ ಕಡೆಯ ಬಸ್ಸು ಹತ್ತಿದವರಲ್ಲ ಎಂದು ಕಾಣುತ್ತದೆ. ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಎದ್ದು ನಿಂತರೆ, ನೀವು ಇಳಿಯುತ್ತೀರೆಂದು ತಿಳಿದು ಪಕ್ಕದಲ್ಲಿ ನಿಂತವನು ಸೀಟಿನಲ್ಲಿ ಕೂತಾಗಿರುತ್ತದೆ. ಬೆನ್ನುನೋವು ಕಣಪ್ಪ, ಸುಮ್ಮನೆ ನಿಂತಿದ್ದೆ ಎಂದರೆ, "ಹೌದ್ರಿ, ನಿಂತ್ರ ಛಲೋ" ಎಂದು ಅವನು ಇನ್ನಷ್ಟು ನೆಮ್ಮದಿಯಿಂದ ಒರಗುತ್ತಾನೆ.

ಇದನ್ನೆಲ್ಲ ಮೊದಲಿನಿಂದ ಹೇಳುವುದು ಸುಲಭ. ಆದರೆ ಮೊದಲು ಯಾವುದು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನನ್ನ ಹೆಂಡತಿ ಗಿರಿಜಾಳ ಪ್ರಕಾರ ಇದು ಶುರುವಾದದ್ದು ಹರಿಗೋಲಿನಿಂದ. ಅವಳು ಹುಟ್ಟಿ ಬೆಳೆದದ್ದು ಯಲಬುರ್ಗಾದ ಎರೆ ನೆಲದಲ್ಲಿ. ಅಲ್ಲಿ ನೀರೆಂದರೆ ಕೊಡದಲ್ಲಿ ಇರುವಂಥದ್ದು. ಗಂಗಾವತಿ ದಾಟಿ, ವಿರೂಪಾಪುರಗಡ್ಡೆಯ ಹತ್ತಿರ, ಹೊಳೆಯಲ್ಲಿ ಹರಿಗೋಲು ಹತ್ತಿ ಬುಗುರಿಯ ಹಾಗೆ ತಿರುಗಬೇಕು ಎಂಬುದು ಅವಳ ಒಂದೇ ಒಂದು ಆಸೆ. ಇಡೀ ಜಗತ್ತು ಅಲ್ಲಿಗೆ ಬಂದು ಹೋಗುತ್ತದೆ, ಒಂದೇ ಜಿಲ್ಲೆಯವರಾದ ನಾವು ಮಾತ್ರ ಹೋಗಿಲ್ಲ. ಹೊರಟಿದ್ದೆವು, ಇಲ್ಲವೆಂದಲ್ಲ. ಒಮ್ಮೆ ಹಿಟ್ನಾಳದ ತನಕ ಹೋಗಿ, ಬಸ್ಸಿನಿಂದ ಇಳಿದ ನಾನು ನೆಟ್ಟಗಾಗದೆ, ಚಹಾದಂಗಡಿಯ ಬೆಂಚಿನ ಮೇಲೆ ಅಂಗಾತ ಮಲಗಿ, ಅಲ್ಲಿಂದಲೇ ತಿರುಗಿ ಬಂದಿದ್ದೆವು. ಗಿರಿಜಾ ಅದು ಕೊಪ್ಪಳದ ಬಸ್ ನಿಲ್ದಾಣ ಅನ್ನುತ್ತಾಳೆ. ನನಗೆ ಹಿಟ್ನಾಳದ ಮಿರ್ಚಿ ಬಜಿಯ ವಾಸನೆ ಕೂಡ ನೆನಪಿದೆ. ಮಿರ್ಚಿ ಬಜಿಯ ವಾಸನೆ ಕೊಪ್ಪಳದಲ್ಲೂ ಇರುತ್ತದೆ ಎಂಬುದು ಅವಳ ವಾದ. ಏನೇ ಇರಲಿ, ಈ ಸಲ ಹೊರಡುವ ಮುನ್ನ ಅವಳು ಸ್ಪಷ್ಟವಾಗಿ ಹೇಳಿದಳು: "ನಿಮ್ಮ ಬೆನ್ನು ಬರೂದಿದ್ರ ನಾ ಬರೂದಿಲ್ಲ ನೋಡ್ರಿ. ಇಬ್ಬರೊಳಗ ಯಾರನ್ನ ಕರ್ಕೊಂಡು ಹೋಗ್ತೀರಿ, ಈಗ ಹೇಳಿಬಿಡ್ರಿ."

ನಾನು ಅವಳನ್ನೇ ಆರಿಸಿಕೊಂಡೆ. ಬೆನ್ನು ಹೇಳದೆ ಕೇಳದೆ ಹಿಂದೆಯೇ ಬಂತು.

ಮೊದಲು ಯಲಬುರ್ಗಾದಲ್ಲಿ ಅವಳ ತವರುಮನೆ, ಎರಡು ದಿನ ಅಲ್ಲಿದ್ದು ಆಮೇಲೆ ಹೊಳೆ ಎಂದು ಲೆಕ್ಕ. ಬಸ್ಸಿನಲ್ಲೇ ಮೊಳೆ ಇಳಿಯತೊಡಗಿತು. ನಾನು ಕಿಟಕಿಯಾಚೆ ನೋಡುತ್ತ, ಹತ್ತಿ ಹೊಲಗಳನ್ನು ಹೊಗಳುತ್ತ, ಮುಖದ ಮೇಲೆ ಒಂದು ನಗು ಇಟ್ಟುಕೊಂಡೆ. "ಯಾಕ ಹಲ್ಲು ಕಿಸೀತೀರಿ?" ಎಂದಳು ಗಿರಿಜಾ. ಖುಷಿ ಎಂದೆ. ನೋವನ್ನು ಖುಷಿಯಾಗಿ ತೋರಿಸುವುದು ಕಷ್ಟದ ಕೆಲಸವೇನಲ್ಲ. ಕಚೇರಿಯಲ್ಲಿ ಸಾಹೇಬರ ಮುಂದೆ ದಿನವೂ ಅಭ್ಯಾಸವಾಗುತ್ತದೆ.

ಇನ್ನು ನನ್ನ ಅತ್ತೆಯ ಬಗ್ಗೆ ಹೇಳಬೇಕು. ಎಪ್ಪತ್ತರ ಹತ್ತಿರದ ಹೆಂಗಸು, ಕಟ್ಟಿಗೆಯ ಹಾಗೆ ನೆಟ್ಟಗಿದ್ದಾಳೆ. ಅಳಿಯನ ಜೊತೆ ನೇರವಾಗಿ ಮಾತಾಡುವವಳಲ್ಲ. ನಾನು ಎದುರಿಗೇ ಉಣ್ಣುತ್ತ ಕೂತಿದ್ದರೂ, "ಗಿರಿಜಾ, ಅಳಿಯಾರಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು" ಅನ್ನುತ್ತಾಳೆ. ಗಿರಿಜಾ ಇಲ್ಲದಿದ್ದರೆ ಕಂಬಕ್ಕೋ ಎಮ್ಮೆಗೋ ಹೇಳುತ್ತಾಳೆ. ಮದುವೆಯಾದಾಗಿನಿಂದ ನಮ್ಮ ಸಂಬಂಧ ಹೀಗೆ ಕಂಬದ ಮುಖಾಂತರ ಬಹಳ ಸೌಹಾರ್ದವಾಗಿ ನಡೆದುಕೊಂಡು ಬಂದಿದೆ. ಅವತ್ತು ಅವಳು ಕಂಬದ ಮುಖಾಂತರ ತಿಳಿಸಿದ ಸುದ್ದಿಯೆಂದರೆ, ಅಳಿಯಂದಿರು ಬಹಳ ದಿನಕ್ಕೆ ಬರುತ್ತಿದ್ದಾರೆಂದು ಸ್ವಂತ ಹೊಲದ ಹತ್ತಿಯನ್ನು ಹಿಂಜಿಸಿ ಹೊಸ ಗಾದಿ ಮಾಡಿಸಲಾಗಿದೆ.

ಗಾದಿ ನೋಡಿ ಡಾಕ್ಟರು ಹೇಳಿದ ಗಟ್ಟಿ ನೆಲ ನೆನಪಾಯಿತು. ಮಂಚದ ಮೇಲೆ ಅದು ಉಬ್ಬಿ ಬಂದ ಪೂರಿಯ ಹಾಗೆ ಕೂತಿತ್ತು. ಕೂತರೆ ಸೊಂಟದ ತನಕ ಒಳಗಿಳಿಯುತ್ತಿದ್ದೆ. ಮಲಗಿದರೆ ತಲೆ ಒಂದು ದಂಡೆ, ಕಾಲು ಇನ್ನೊಂದು ದಂಡೆ, ನಡುವೆ ಬೆನ್ನು ಹಳ್ಳ. ಬೆಳಿಗ್ಗೆ ಏಳಲು ಮಂಚದ ಸರಳು ಹಿಡಿದು ಬಾವಿಯಿಂದ ಹತ್ತಿದಂತೆ ಹತ್ತಿದೆ. "ನಿದ್ದಿ ಹೆಂಗಾತು ಕೇಳು" ಎಂದು ಅತ್ತೆ ಮಗಳಿಗೆ ಹೇಳಿದಳು. ಮೋಡದ ಮೇಲೆ ಮಲಗಿದ ಹಾಗಿತ್ತು ಎಂದೆ. ಅದು ಸುಳ್ಳಲ್ಲ. ಮೋಡಕ್ಕೂ ಆಧಾರವಿರುವುದಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಗಿರಿಜಾ ಬಳೆ ಇಡಿಸಿಕೊಳ್ಳಲು ಬಜಾರಿಗೆ ಹೋದಳು. ಅತ್ತೆ ಹಿತ್ತಲಲ್ಲಿದ್ದಳು. ಇದೇ ಸಮಯವೆಂದು ನಾನು ಪಡಸಾಲೆಯ ಪರ್ಸಿ ಕಲ್ಲಿನ ಮೇಲೆ ಬರೀ ನೆಲಕ್ಕೆ ಅಂಗಾತ ಮಲಗಿ, ಕಾಲೆರಡನ್ನೂ ಬೋರಲು ಹಾಕಿದ ಬುಟ್ಟಿಯ ಮೇಲಿಟ್ಟೆ. ಕಲ್ಲಿನ ತಂಪು ಬೆನ್ನಿಗೆ ಹತ್ತಿದ ಸುಖವನ್ನು ಹೇಳಲಾರೆ. ಕಣ್ಣು ಮುಚ್ಚಿ ನಾಳೆಯ ಹರಿಗೋಲನ್ನು ನೆನೆಯುತ್ತಿದ್ದೆ. ಕಣ್ಣು ತೆರೆದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಸೆರಗು ಬಾಯಿಗೆ ಹಿಡಿದು ಹಿಂದೆ ಸರಿದಳು.

ಅಳಿಯನಾದವನು ಅತ್ತೆ ಮನೆಯಲ್ಲಿ ಹಾಸಿದ ಗಾದಿ ಬಿಟ್ಟು ನೆಲಕ್ಕೆ ಮಲಗಿದನೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಅವನಿಗೆ ಸಿಟ್ಟು ಬಂದಿದೆ. ಇದು ನನಗೆ ಹೊಳೆಯುವಷ್ಟರಲ್ಲಿ, ಹೊಲದಿಂದ ಓಡಿ ಬಂದ ನನ್ನ ಮೈದುನ, ಗಿರಿಜಾಳ ತಮ್ಮ ಬಸು ಎದುರಿಗಿದ್ದ. ಅವನ ಹಿಂದೆ, ಓಣಿಯಲ್ಲಿ ಯಾರ ಜಗಳವಿದ್ದರೂ ಬಗೆಹರಿಸುವ ಫಕೀರಪ್ಪ ಕಾಕಾ ಕೂಡ ಇದ್ದ.

"ಅಳಿಯಾರು ನಾರಾಜ ಆಗ್ಯಾರಂತ," ಎಂದು ಕಾಕಾ ನನ್ನ ತಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ.

"ಏನಿಲ್ರಿ ಕಾಕಾ. ಸುಮ್ನ ಮಲಗೀನಿ."

"ನಾರಾಜ ಆದವರು ಹಿಂಗ ಅಂತಾರ," ಎಂದು ಕಾಕಾ ಬಸುವಿಗೆ ಹೇಳಿದ.

"ಏಳ್ರಿ ಮಾಮಾ. ಗಾದಿ ಮ್ಯಾಲೆ ಮಲ್ಕೋರ್ರಿ," ಎಂದ ಬಸು.

"ಬ್ಯಾಡಪಾ."

"ಬ್ಯಾಡ ಅಂದ್ರ ನೋಡು," ಎಂದ ಕಾಕಾ.

ನಾನು ಸಿಟ್ಟಾಗಿಲ್ಲವೆಂದು ತೋರಿಸಲು ತಕ್ಷಣ ಎದ್ದು ಕೂರಬೇಕಿತ್ತು. ಪ್ರಯತ್ನಪಟ್ಟೆ. ಮೊಳೆ ಇದ್ದಲ್ಲಿ ಈಗ ಗೂಟವಿತ್ತು. ಅರ್ಧ ಎದ್ದು, ಹಲ್ಲು ಕಚ್ಚಿ, ಮತ್ತೆ ನೆಲ ಸೇರಿದೆ. ನೋಡುವವರಿಗೆ ಅದು ಹಟದ ಪರಮಾವಧಿಯಾಗಿ ಕಂಡಿರಬೇಕು. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು: "ನಾವೇನು ಕಮ್ಮಿ ಮಾಡೀವಿ ಕೇಳೋ ಬಸು. ಉಣ್ಣಾಕ ಕಮ್ಮಿ ಆತೇನು, ಮಾತಿಗೆ ಕಮ್ಮಿ ಆತೇನು?"

ಬೆನ್ನು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ ಕೂಡಲೇ ಅದು ಬಜಾರಿನ ಬಳೆಗಾರನ ತನಕ ಹೋಗಿ ಗಿರಿಜಾಳ ಕಿವಿಗೆ ಬೀಳುತ್ತಿತ್ತು, ಹರಿಗೋಲು ಅಲ್ಲಿಗೇ ಮುಳುಗುತ್ತಿತ್ತು. ಅದಕ್ಕಿಂತ ಸಿಟ್ಟೇ ವಾಸಿ ಎನಿಸಿತು. ಸಿಟ್ಟಿಗೆ ಕಾರಣ ಬೇಕಲ್ಲ. ಮಲಗಿದಲ್ಲೇ ಹುಡುಕಿ ಒಂದನ್ನು ತೆಗೆದೆ: "ಈ ಸಲ ಪಂಚಮಿಗೆ ಅಕ್ಕನ್ನ ಕರಿಯಾಕ ಬಸು ಬರಲಿಲ್ಲ. ಫೋನ್ ಮಾಡಿ ಮುಗಿಸಿದ."

ಅದರ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಆದರೆ ಬಸುವಿನ ಮುಖ ಬಾಡಿಹೋಯಿತು. "ತಪ್ಪಾತ್ರಿ ಮಾಮಾ," ಎಂದು ಕಾಲು ಮುಟ್ಟಲು ಬಗ್ಗಿದ; ಕಾಲು ಬುಟ್ಟಿಯ ಮೇಲಿದ್ದುದರಿಂದ ಅವನಿಗೆ ಹೆಚ್ಚು ಬಗ್ಗಬೇಕಾಗಲಿಲ್ಲ. "ಫೋನಿನ್ಯಾಗ ಕರದ್ರ ಅದು ಕರದಂಗ ಆಕ್ಕೈತೇನು?" ಎಂದು ಕಾಕಾ ಅವನನ್ನು ತರಾಟೆಗೆ ತೆಗೆದುಕೊಂಡ. ಒಳಗೆ ಅತ್ತೆ ಹೋಳಿಗೆಗೆಂದು ಕಡಲೆಬೇಳೆ ತೊಳೆಯುವ ಸದ್ದು ಕೇಳತೊಡಗಿತು. ನನಗೆ ನಾಚಿಕೆಯಾಯಿತು, ಹೋಳಿಗೆ ನೆನೆದು ಸ್ವಲ್ಪ ಕಡಿಮೆಯೂ ಆಯಿತು.

ಅಷ್ಟರಲ್ಲಿ ಗಿರಿಜಾ ಕೈತುಂಬ ಹಸಿರು ಬಳೆ ಹಾಕಿಕೊಂಡು ಬಂದಳು. ಕಾಕಾನನ್ನು ನೋಡಿದಳು, ತಮ್ಮನ ಇಳಿದ ಮುಖ ನೋಡಿದಳು, ಕೊನೆಗೆ ಬುಟ್ಟಿಯ ಮೇಲಿದ್ದ ನನ್ನ ಕಾಲು ನೋಡಿದಳು.

"ಕಾಕಾ, ಇವರು ನಾರಾಜ ಆದ್ರ ಮೊದಲು ಉಣ್ಣೂದು ಬಿಡ್ತಾರ. ಮಧ್ಯಾಹ್ನ ಬದನಿಕಾಯಿ ಪಲ್ಯಾ ಎರಡನೇ ಸಲ ಹಾಕಿಸ್ಕೊಂಡು ಉಂಡಾರ. ಇದು ಬೆನ್ನು."

ಬಸು ನಿಟ್ಟುಸಿರು ಬಿಟ್ಟ. ರಾಜಿ ಮಾಡಿಸುವ ಕೆಲಸ ಕೈತಪ್ಪಿದ್ದಕ್ಕೆ ಕಾಕಾ ಮಾತ್ರ ನಿಜವಾಗಿ ನಾರಾಜಾದ. ನಾನು ಗಿರಿಜಾಳ ಮುಖ ನೋಡಲಾರದೆ, "ಬಸ್ಸಿನ್ಯಾಗ ಹಿಡೀತು. ಗಾದಿ ಭಾಳ ಛಲೋ ಐತಿ" ಎಂದು ತೊಲೆಗೆ ಹೇಳಿದೆ.

ಆಗ ಒಂದು ಆಶ್ಚರ್ಯ ನಡೆಯಿತು. ಅತ್ತೆ ಬಾಗಿಲು ದಾಟಿ ಬಂದು, ಕಂಬವನ್ನೂ ಮಗಳನ್ನೂ ಬಿಟ್ಟು, ನೇರ ನನಗೇ ಹೇಳಿದಳು: "ಸುಳ್ಳ ಯಾಕ ಹೇಳ್ತೀರಿ ಅಳಿಯಾರ. ಆ ಗಾದಿ ಮ್ಯಾಲೆ ನಾ ಒಂದಿನ ಮಲಗಿ ನೋಡೀನಿ. ಎಬ್ಬಸಾಕ ಬಸು ಬರಬೇಕಾತು."

"ಗೊತ್ತಿದ್ದೂ ಯಾಕ ಹಾಸಿದಿ ಬೇ?" ಎಂದಳು ಗಿರಿಜಾ.

"ಅಳಿಯಾರಿಗೆ ನೆಲಕ್ಕ ಚಾಪಿ ಹಾಸಿದ್ರ ಓಣ್ಯಾಗ ಏನಂತಾರ?"

ಬಸು ನನ್ನ ಸೊಂಟಕ್ಕೆ ಔಡಲೆಣ್ಣೆ ತಿಕ್ಕಿ, ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟ. ಪಂಚಮಿಯ ಬಾಕಿಯನ್ನು ಪೂರ್ತಿ ತೀರಿಸುವ ಹುರುಪಿನಲ್ಲಿ ಕೊಟ್ಟ. ಓಣಿಗೆ ಕಾಣಲೆಂದು ಗಾದಿ ಮಂಚದ ಮೇಲೆಯೇ ಉಳಿಯಿತು. ನಾನು ನೆಲದ ಮೇಲೆ ಉಳಿದೆ.

ಬೆಳಿಗ್ಗೆ ಗಿರಿಜಾ ಬ್ಯಾಗಿನಿಂದ ನನ್ನ ಅಂಗಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಈ ಸಲವೂ ಕುಷ್ಟಗಿಗೆ ತಿರುಗಿ ಹೋಗುವುದು ಎಂದುಕೊಂಡೆ. ಅವಳು ಆ ಜಾಗಕ್ಕೆ ತನ್ನ ಅವ್ವನ ಇಳಕಲ್ ಸೀರೆ ಇಟ್ಟಳು.

"ಅಳಿಯಾರನ್ನ ಹಿಂಗ ನೆಲದ ಮ್ಯಾಲೆ ಬಿಟ್ಟು ಹೊಳಿಗೆ ಹೋಗೂದೇನ?" ಎಂದಳು ಅತ್ತೆ.

"ನೆಲಾನೂ ಎಲ್ಲಿ ಹೋಗೂದಿಲ್ಲ, ಅಳಿಯಾರೂ ಎಲ್ಲಿ ಹೋಗೂದಿಲ್ಲ. ನೀ ನಡಿ ಬೇ."

ಇಬ್ಬರೂ ಹೊರಟರು. ನಾನು ಮಲಗಿದಲ್ಲಿಂದಲೇ ಹಿಟ್ನಾಳದ ಮಿರ್ಚಿ ಬಜಿ ಮರೆಯಬೇಡಿ ಎಂದೆ. ಮರುದಿನ ಸಂಜೆ ಅವರು ಬರುವ ತನಕ, ಇನ್ನೂ ಮದುವೆಯಾಗದ ಬಸು ಹೊತ್ತುಹೊತ್ತಿಗೆ ಉಪ್ಪಿಟ್ಟು ಮಾಡಿ ಹಾಕಿದ. ಹೋಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಆ ಹರಿಗೋಲಿನ ಕತೆಯನ್ನು ಗಿರಿಜಾ ಬಂದವರಿಗೆಲ್ಲ ಹೇಳುತ್ತಾಳೆ. ಈಗೀಗ ನಾನೂ ಹೇಳುತ್ತೇನೆ. ದಡದ ಭತ್ತದ ಗದ್ದೆಗಳ ಹಸಿರು, ಚರ್ಮ ಮತ್ತು ಡಾಂಬರಿನ ವಾಸನೆ, ಹುಟ್ಟು ಹಾಕುವವನು ನಡುಹೊಳೆಯಲ್ಲಿ ಗರಗರ ತಿರುಗಿಸಿದ್ದು, ಅತ್ತೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದು "ಅಳಿಯಾರ, ಬಿಡಬ್ಯಾಡ್ರಿ" ಅಂದದ್ದು. ಮೊನ್ನೆ ಕಚೇರಿಯ ಗೆಳೆಯರು ಮನೆಗೆ ಬಂದಾಗ ಇದನ್ನೇ ಹೇಳುತ್ತಿದ್ದೆ. ಗಿರಿಜಾ ಚಹಾ ತಂದವಳು, ಮೊಬೈಲಿನಲ್ಲಿದ್ದ ಫೋಟೋ ತೆಗೆದು ಅವರ ಮುಂದೆ ಹಿಡಿದಳು. ಹರಿಗೋಲಿನಲ್ಲಿ ಅವಳಿದ್ದಾಳೆ, ಬಾಯ್ತುಂಬ ನಗುತ್ತಿರುವ ಅತ್ತೆ ಇದ್ದಾಳೆ. ನಾನಿಲ್ಲ.

"ಅವ್ವ ಹಿಡದಿದ್ದು ನನ್ನ ತೋಳು. ಇವರು ಯಲಬುರ್ಗಾದಾಗ ಬುಟ್ಟಿ ಮ್ಯಾಲೆ ಕಾಲಿಟ್ಟು ಮಲಗಿದ್ರು," ಎಂದು ಹೇಳಿ ಒಳಗೆ ಹೋದಳು.

ಇರಬಹುದು. ಫೋಟೋದ ಜೊತೆ ನಾನು ವಾದಿಸುವುದಿಲ್ಲ. ಆದರೆ ಆ ಹರಿಗೋಲು ತಿರುಗಿದ್ದನ್ನು ಈಗಲೂ ನೆನೆದರೆ ಸಾಕು, ಸೊಂಟದ ಎಡಗಡೆ ಹಿಡಿದುಕೊಳ್ಳುತ್ತದೆ. ಹೋದ ಕಡೆಯೆಲ್ಲ ನೋಯುವ ಬೆನ್ನು ಬೇಕಾದಷ್ಟು ಜನರಿಗಿದೆ. ಹೋಗದೇ ಇದ್ದ ಪ್ರವಾಸಕ್ಕೂ ನೋಯುವ ಬೆನ್ನು, ನಾನು ಕಂಡಂತೆ, ನನ್ನದೊಂದೇ.